ಎಚ್‌ಐವಿ ಇದ್ದವರ ಬದುಕು: ನಾವು ಅಂದುಕೊಂಡದ್ದು ಮತ್ತು ನಿಜ

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಔಷಧ ಕಿಟಕಿಯಲ್ಲಿ ಮೂವತ್ತು ಮಾತ್ರೆಗಳ ಡಬ್ಬಿ ಕೈಗೆ ಬಂದ ಕೂಡಲೇ ಒಬ್ಬ ಹೆಣ್ಣುಮಗಳು ಬೆಂಚಿನ ಮೂಲೆಗೆ ಹೋಗಿ ಕುಳಿತರು. ಉಗುರಿನಿಂದ ಲೇಬಲ್ಲನ್ನು ಕೆರೆದು ತೆಗೆದರು. ಚೀಲದಿಂದ ಒಂದಿಷ್ಟು ಹತ್ತಿ ತೆಗೆದು ಡಬ್ಬಿಯೊಳಗೆ ತುರುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಸದ್ದಿಲ್ಲ. ಊರಿನ ಬಸ್ಸು ಕುಲುಕಿದಾಗ ಮಾತ್ರೆ ಗಲಗಲ ಎನ್ನಬಾರದು, ಪಕ್ಕದಲ್ಲಿ ಕೂತವರು ‘ಏನದು?’ ಎಂದು ಕೇಳಬಾರದು. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತದೆಂದು ಅವರಿಗೆ ಗೊತ್ತು. ಅಲ್ಲಿ ಗುರುತಿನವರು ಕಂಡಾರೆಂದು ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಾರೆ.

ಅವರ ರಕ್ತಪರೀಕ್ಷೆಯ ವರದಿ ಚೆನ್ನಾಗಿದೆ. ವೈರಸ್ ಪತ್ತೆಯಾಗದಷ್ಟು ಕೆಳಗಿಳಿದಿದೆ, ತೂಕ ಏರಿದೆ, ಹೊಲದ ಕೆಲಸಕ್ಕೆ ತೊಂದರೆಯಿಲ್ಲ. ಔಷಧ ತನ್ನ ಪಾಲಿನ ಕೆಲಸ ಮಾಡಿದೆ. ಈಗ ಉಳಿದಿರುವ ಕಷ್ಟದಲ್ಲಿ ಬಹುಪಾಲು ನಮ್ಮ ತಪ್ಪು ತಿಳಿವಳಿಕೆಯಿಂದ ಬಂದದ್ದು. ಆ ತಪ್ಪುಗಳನ್ನು ಒಂದೊಂದಾಗಿ ಎದುರಿಗಿಟ್ಟು ನೋಡೋಣ.

ತಪ್ಪು ಕಲ್ಪನೆ 1: ಎಚ್‌ಐವಿ ಬಂತೆಂದರೆ ಆಯುಷ್ಯ ಮುಗಿದಂತೆ.

ವಾಸ್ತವ: ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಈ ಸೋಂಕನ್ನು ಪತ್ತೆಹಚ್ಚಿದಾಗ ಕೊಡಲು ಮದ್ದಿರಲಿಲ್ಲ. ಮದ್ದು ಬಂದ ಮೇಲೂ ಬಡವರ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ ಕೊಡುತ್ತೇವೆಂದು ಘೋಷಿಸಿದ ಮೇಲೆ ಚಿತ್ರ ಬದಲಾಗತೊಡಗಿತು. 2004ರ ಏಪ್ರಿಲ್ 1ರಂದು ನಮ್ಮ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಮೊದಲ ಹಂತಕ್ಕೆ ಆರಿಸಿಕೊಂಡದ್ದು ದೆಹಲಿಯನ್ನೂ ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನೂ. ಆ ಆರರಲ್ಲಿ ಕರ್ನಾಟಕವೂ ಒಂದು.

ಎಚ್‌ಐವಿ ಎಂಬುದು ವೈರಸ್ಸಿನ ಹೆಸರು. ಚಿಕಿತ್ಸೆ ಇಲ್ಲದೆ ಅದು ವರ್ಷಗಟ್ಟಲೆ ರೋಗನಿರೋಧಕ ಶಕ್ತಿಯನ್ನು ತಿಂದುಹಾಕಿದ ಮೇಲೆ ತಲುಪುವ ಕೊನೆಯ ಹಂತಕ್ಕೆ ಏಡ್ಸ್ ಎನ್ನುತ್ತಾರೆ. ಎಚ್‌ಐವಿ ಇದ್ದವರಿಗೆಲ್ಲ ಏಡ್ಸ್ ಇರುವುದಿಲ್ಲ. ಮಾತ್ರೆ ತಪ್ಪಿಸದವರಲ್ಲಿ ಹೆಚ್ಚಿನವರು ಆ ಹಂತ ಕಾಣುವುದೇ ಇಲ್ಲ. ಮೊದಲು ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕಣಗಳ ಎಣಿಕೆ ಇಳಿಯುವವರೆಗೆ ಕಾಯಿಸಿ ಮಾತ್ರೆ ಕೊಡುತ್ತಿದ್ದರು. 2017ರಿಂದ ಆ ಕಾಯುವಿಕೆ ಇಲ್ಲ, ಸೋಂಕು ಖಚಿತವಾದರೆ ಎಣಿಕೆ ಎಷ್ಟೇ ಇರಲಿ ಚಿಕಿತ್ಸೆ ಶುರು. ಬೇಗ ಪತ್ತೆಯಾಗಿ, ಬೇಗ ಚಿಕಿತ್ಸೆ ಆರಂಭಿಸಿ, ತಪ್ಪದೆ ಮಾತ್ರೆ ನುಂಗುವವರ ಆಯುಷ್ಯ ಇಂದು ಉಳಿದವರ ಆಯುಷ್ಯದ ಹತ್ತಿರಕ್ಕೆ ಬಂದಿದೆ.

ತಪ್ಪು ಕಲ್ಪನೆ 2: ಜೊತೆಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಸೊಳ್ಳೆ ಕಚ್ಚಿದರೆ ಅಂಟುತ್ತದೆ.

ವಾಸ್ತವ: ಅಂಟುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ಸೋಂಕಿರುವ ತಾಯಿಯಿಂದ ಮಗುವಿಗೆ: ಇವಿಷ್ಟೇ ದಾರಿಗಳು. ಎಂಜಲು, ಬೆವರು, ಕೆಮ್ಮು, ಶೌಚಾಲಯ, ಅಪ್ಪುಗೆ ಇವು ಯಾವುದರಿಂದಲೂ ಬರುವುದಿಲ್ಲ. ಸೊಳ್ಳೆಯ ಹೊಟ್ಟೆ ಸೇರಿದ ಈ ವೈರಸ್ ಅಲ್ಲಿ ಬೆಳೆಯದೆ ಜೀರ್ಣವಾಗಿ ಹೋಗುತ್ತದೆ. ಮನೆಯಲ್ಲಿ ಎಚ್‌ಐವಿ ಇದ್ದವರಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ ಇಡುವುದರಿಂದ ಯಾರಿಗೂ ರಕ್ಷಣೆ ಸಿಗದು. ನೋವು ಮಾತ್ರ ಹೊತ್ತು ಹೊತ್ತಿಗೂ ಸಿಗುತ್ತದೆ.

ತಪ್ಪು ಕಲ್ಪನೆ 3: ಮಾತ್ರೆ ತಿಂದರೂ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹರಡಿಯೇ ಹರಡುತ್ತದೆ.

ವಾಸ್ತವ: ಇದು ಅತಿ ಹೆಚ್ಚು ಜನರಿಗೆ ಗೊತ್ತಿಲ್ಲದ, ಅತಿ ಹೆಚ್ಚು ಜನರಿಗೆ ಗೊತ್ತಾಗಬೇಕಾದ ವಿಷಯ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳ ಮೇಲೆ ಒಂಬತ್ತು ದೇಶಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ನಮ್ಮ ಚೆನ್ನೈ ಮತ್ತು ಪುಣೆಯ ಜೋಡಿಗಳೂ ಅದರಲ್ಲಿದ್ದರು. ಬೇಗ ಚಿಕಿತ್ಸೆ ಕೊಟ್ಟರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಆಮೇಲೆ ಯುರೋಪಿನಲ್ಲಿ ನಡೆದ ‘ಪಾರ್ಟ್‌ನರ್’ ಅಧ್ಯಯನ ಇನ್ನೂ ಮುಂದೆ ಹೋಯಿತು. ಅದರ ಮೊದಲ ಹಂತದ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58 ಸಾವಿರ ಬಾರಿ ಕೂಡಿದ್ದರು. ವೈರಸ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಜೊತೆಗಾರರಿಗೆ ಸೋಂಕು ದಾಟಿದ ಪ್ರಕರಣ ಒಂದೂ ಇರಲಿಲ್ಲ.

ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇದನ್ನು ಜಗತ್ತಿನೆಲ್ಲೆಡೆ ‘ಯು ಈಕ್ವಲ್ಸ್ ಯು’ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಪತ್ತೆಯಾಗದಿದ್ದರೆ ಹರಡದು. ಆದರೆ ಇದನ್ನು ಊಹೆಯಿಂದ ಹೇಳಲಾಗದು. ವೈರಲ್ ಲೋಡ್ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು, ಮಾತ್ರೆ ತಪ್ಪಬಾರದು. ಬೇರೆ ಲೈಂಗಿಕ ರೋಗಗಳಿಂದ ಕಾಪಾಡಲು ಕಾಂಡೋಮ್ ಬೇಕೇ ಬೇಕು. ತನ್ನ ಮುಟ್ಟುವಿಕೆಯೇ ವಿಷ ಎಂದು ವರ್ಷಗಳ ಕಾಲ ಸಂಗಾತಿಯಿಂದ ದೂರ ಮಲಗಿದವರಿಗೆ ಈ ಒಂದು ಸಂಗತಿ ಕೊಡುವ ನೆಮ್ಮದಿಗೆ ಬೆಲೆ ಕಟ್ಟಲಾಗದು.

ತಪ್ಪು ಕಲ್ಪನೆ 4: ಎಚ್‌ಐವಿ ಇದ್ದವರು ಮಕ್ಕಳ ಆಸೆ ಬಿಡಬೇಕು.

ವಾಸ್ತವ: ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಅದು ಶೇ 5ಕ್ಕಿಂತಲೂ ಕೆಳಗಿಳಿಯುತ್ತದೆ. ಅದಕ್ಕೇ ಬಸುರಿಯರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುವುದು. ತಾಯಿ ಮಾತ್ರೆ ಮುಂದುವರಿಸುತ್ತಾಳೆ, ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲಿ ಔಷಧದ ಸಿರಪ್ ಕೊಡುತ್ತಾರೆ. ಆರನೇ ವಾರಕ್ಕೆ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಮೊದಲ ಪರೀಕ್ಷೆ, ಹದಿನೆಂಟನೇ ತಿಂಗಳಿಗೆ ಕೊನೆಯ ಪರೀಕ್ಷೆ.

ಎದೆಹಾಲಿನ ಬಗ್ಗೆಯೂ ಗೊಂದಲವಿದೆ. ತಾಯಿ ಚಿಕಿತ್ಸೆಯಲ್ಲಿದ್ದರೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂಬುದು ನಮ್ಮಲ್ಲಿನ ಸಲಹೆ. ಒಂದು ಹೊತ್ತು ಎದೆಹಾಲು, ಇನ್ನೊಂದು ಹೊತ್ತು ಹಸುವಿನ ಹಾಲು ಎಂದು ಬೆರೆಸುವುದು ಅಪಾಯ. ಅಜ್ಜಿಯಂದಿರು ಪ್ರೀತಿಯಿಂದ ನೆಕ್ಕಿಸುವ ಜೇನು, ಸಕ್ಕರೆ ನೀರೂ ಬೇಡ.

ತಪ್ಪು ಕಲ್ಪನೆ 5: ಮೈ ಚೆನ್ನಾಗಾಯಿತಲ್ಲ, ಇನ್ನು ಮಾತ್ರೆ ಬಿಡಬಹುದು. ನಾಟಿ ಮದ್ದಿನಿಂದ ಪೂರ್ತಿ ವಾಸಿಯಾಗುತ್ತದಂತೆ.

ವಾಸ್ತವ: ರಕ್ತದಲ್ಲಿ ಪತ್ತೆಯಾಗದ ವೈರಸ್ ಮೈಯಿಂದ ಹೊರಟುಹೋಗಿರುವುದಿಲ್ಲ. ಕೆಲವು ಜೀವಕೋಶಗಳಲ್ಲಿ ಅಡಗಿ ಕೂತಿರುತ್ತದೆ. ಮಾತ್ರೆ ನಿಲ್ಲಿಸಿದರೆ ವಾರಗಳಲ್ಲೇ ತಲೆಯೆತ್ತುತ್ತದೆ. ಬಿಟ್ಟು ಬಿಟ್ಟು ತಿಂದರೆ ಅದೇ ಮಾತ್ರೆಗೆ ಜಗ್ಗದ ವೈರಸ್ ಬೆಳೆಯುತ್ತದೆ. ಖಚಿತ ಗುಣದ ಹೆಸರಿನಲ್ಲಿ ಹಣ ಕೀಳುವವರ ಮಾತು ನಂಬಿ ಎಆರ್‌ಟಿ ಬಿಟ್ಟವರು ಮತ್ತೆ ಕೇಂದ್ರಕ್ಕೆ ಬರುವ ಹೊತ್ತಿಗೆ ಕ್ಷಯವನ್ನೋ ಮಿದುಳಿನ ಸೋಂಕನ್ನೋ ಹೊತ್ತು ಬಂದಿರುತ್ತಾರೆ.

ಹಳೆಯ ಔಷಧಗಳಿಂದ ಕೆನ್ನೆ ಗುಳಿಬಿದ್ದು, ಅಂಗಾಲು ಉರಿದು, ಕೆಟ್ಟ ಕನಸು ಬಿದ್ದು ಹೈರಾಣಾದವರು ನಿಜಕ್ಕೂ ಇದ್ದರು. ಆ ಕಥೆಗಳೇ ಇಂದಿಗೂ ಓಡಾಡುತ್ತಿವೆ. ಈಗ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಇದು ಹಗುರ. ಕೆಲವರಿಗೆ ತೂಕ ಹೆಚ್ಚುವುದು, ನಿದ್ದೆ ಕಡಿಮೆಯಾಗುವುದು ಇದ್ದರೆ ವೈದ್ಯರಿಗೆ ಹೇಳಬೇಕು. ಇನ್ನೊಂದು ಎಚ್ಚರ: ಅಸಿಡಿಟಿ ಮಾತ್ರೆ, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯಬಲ್ಲವು. ಅವನ್ನು ತೆಗೆದುಕೊಳ್ಳುವುದಿದ್ದರೆ ಎರಡು ಗಂಟೆ ಮುಂಚೆಯೇ ಎಆರ್‌ಟಿ ಮಾತ್ರೆ ನುಂಗಬೇಕು, ಇಲ್ಲವೇ ಆರು ಗಂಟೆ ಕಳೆದ ಮೇಲೆ. ಮೆಡಿಕಲ್ ಶಾಪಿನಿಂದ ಸುಮ್ಮನೆ ತಂದು ತಿನ್ನುವ ಮಾತ್ರೆಗಳ ಬಗ್ಗೆಯೂ ಕೇಂದ್ರದಲ್ಲಿ ಕೇಳಿ.

ತಪ್ಪು ಕಲ್ಪನೆ 6: ಇದು ದಾರಿ ತಪ್ಪಿದವರಿಗೆ ಬರುವ ಕಾಯಿಲೆ.

ವಾಸ್ತವ: ನಮ್ಮ ದೇಶದಲ್ಲಿ ಸೋಂಕು ತಗುಲಿದ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಅದು ಬಂದದ್ದು ಗಂಡನಿಂದ. ಹುಟ್ಟುವಾಗಲೇ ಪಡೆದು ಬಂದು ಈಗ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಯುವಕ ಯುವತಿಯರಿದ್ದಾರೆ. ಆದರೆ ‘ಪಾಪ, ಇವರದೇನೂ ತಪ್ಪಿಲ್ಲ’ ಎಂದು ಕೆಲವರನ್ನು ಮಾತ್ರ ಬದಿಗಿಟ್ಟು ಕನಿಕರ ತೋರಿಸುವುದೂ ಸರಿಯಲ್ಲ. ಹಾಗೆಂದಾಗ ಉಳಿದವರಿಗೆ ತಪ್ಪಿನ ಹಣೆಪಟ್ಟಿ ಕಟ್ಟಿದಂತಾಯಿತು. ಸಕ್ಕರೆ ಕಾಯಿಲೆಯವರನ್ನು ‘ಎಲ್ಲಿಂದ ತಂದುಕೊಂಡಿರಿ?’ ಎಂದು ನಾವು ಕೇಳುವುದಿಲ್ಲ. ಎಚ್‌ಐವಿ ಇದ್ದವರನ್ನೂ ಕೇಳಬೇಕಾಗಿಲ್ಲ. ಈ ಪ್ರಶ್ನೆಯ ಭಯದಿಂದಲೇ ಎಷ್ಟೋ ಮಂದಿ ಪರೀಕ್ಷೆಯನ್ನು ಮುಂದೂಡುತ್ತಾರೆ.

ತಪ್ಪು ಕಲ್ಪನೆ 7: ಕೆಲಸದಿಂದ ತೆಗೆದರೆ, ಆಸ್ಪತ್ರೆಯವರು ಮುಟ್ಟದಿದ್ದರೆ ಸುಮ್ಮನಿರಬೇಕಷ್ಟೆ.

ವಾಸ್ತವ: ಸುಮ್ಮನಿರಬೇಕಿಲ್ಲ. ಕೆಲಸ ಮಾಡುವ ಶಕ್ತಿಯಿದ್ದವರಿಗೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲೇ ಹೇಳಿತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ, ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರಿಗೆ ಎಚ್‌ಐವಿ ಇರುವ ವಿಷಯವನ್ನು ಅವರ ಅನುಮತಿಯಿಲ್ಲದೆ ಬಯಲು ಮಾಡುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಇಪ್ಪತ್ತು ಅಥವಾ ಹೆಚ್ಚು ಜನರಿರುವ ಆಸ್ಪತ್ರೆಗಳು ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಹದಿನೆಂಟು ತುಂಬದ ಮಕ್ಕಳಿಗೆ ತಾವಿರುವ ಮನೆಯಲ್ಲೇ ವಾಸಿಸುವ ಹಕ್ಕಿದೆ. ತಂದೆ ತಾಯಿ ತೀರಿಕೊಂಡರೆಂದು ಅವರನ್ನು ಹೊರದಬ್ಬುವಂತಿಲ್ಲ.

ತಪ್ಪು ಕಲ್ಪನೆ 8: ವೈರಸ್ ಇಳಿಯಿತಲ್ಲ, ಇನ್ನೇನು ತೊಂದರೆ?

ವಾಸ್ತವ: ವೈರಸ್ ಇಳಿಯುವುದು ಅಡಿಪಾಯ. ಮನೆ ಕಟ್ಟುವುದು ಇನ್ನೂ ಬಾಕಿ ಇರುತ್ತದೆ. ಜಗತ್ತು ಇಟ್ಟುಕೊಂಡಿರುವ ಗುರಿಗೆ 95-95-95 ಎಂಬ ಹೆಸರಿದೆ. ಸೋಂಕಿರುವವರಲ್ಲಿ ಶೇ 95 ಮಂದಿಗೆ ಅದು ತಿಳಿದಿರಬೇಕು, ತಿಳಿದವರಲ್ಲಿ ಶೇ 95 ಮಂದಿ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ಶೇ 95 ಮಂದಿಯ ವೈರಸ್ ಹತೋಟಿಗೆ ಬರಬೇಕು. ಈ ಅಂಕಿಗಳು ಇನ್ನೂ 90 ಇದ್ದಾಗಲೇ, 2016ರಲ್ಲಿ, ಕೆಲವು ತಜ್ಞರು ನಾಲ್ಕನೆಯದೊಂದನ್ನು ಸೇರಿಸಿ ಎಂದರು: ವೈರಸ್ ಹತೋಟಿಯಲ್ಲಿರುವವರ ಬದುಕಿನ ಗುಣಮಟ್ಟವೂ ಚೆನ್ನಾಗಿರಬೇಕು.

ಅದನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇದ್ದವರಿಗಾಗಿಯೇ ಪ್ರಶ್ನಾವಳಿಯೊಂದನ್ನು ರೂಪಿಸಿದೆ. ಅದನ್ನು ಸಿದ್ಧಪಡಿಸುವಾಗ ಪರೀಕ್ಷಿಸಿ ನೋಡಿದ ಊರುಗಳಲ್ಲಿ ಬೆಂಗಳೂರೂ ಇತ್ತು. ಚಿಕ್ಕ ಆವೃತ್ತಿಯಲ್ಲಿ 31 ಪ್ರಶ್ನೆಗಳು. ದೇಹ, ಮನಸ್ಸು, ಸ್ವಾವಲಂಬನೆ, ಸಂಬಂಧಗಳು, ಸುತ್ತಲಿನ ಪರಿಸರ, ನಂಬಿಕೆ ಎಂದು ಆರು ವಿಭಾಗ. ನೋವು, ನಿದ್ದೆ, ಹಣಕಾಸಿನ ಜೊತೆಗೆ ಜನ ನಿಮ್ಮನ್ನು ತಮ್ಮವರೆಂದು ಒಪ್ಪಿಕೊಂಡಿದ್ದಾರೆಯೇ, ದೂಷಿಸುತ್ತಾರೆಯೇ, ನಾಳೆಯ ಬಗ್ಗೆ ಹೆದರಿಕೆ ಇದೆಯೇ ಎಂದೂ ಅದು ಕೇಳುತ್ತದೆ. ಇವುಗಳಲ್ಲಿ ಯಾವುದಕ್ಕೂ ರಕ್ತಪರೀಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ.

ದೇಹದ ವಿಷಯದಲ್ಲಿ ಮಾಡಬೇಕಾದದ್ದು ಸ್ಪಷ್ಟ. ಎಚ್‌ಐವಿ ಇದ್ದವರ ಸಾವಿಗೆ ಅತಿ ದೊಡ್ಡ ಕಾರಣ ಇಂದಿಗೂ ಕ್ಷಯ. ಹಾಗಾಗಿ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಕಂಡರೆ ತಡಮಾಡಬಾರದು. ಕ್ಷಯ ಬಾರದಂತೆ ತಡೆಯುವ ಮಾತ್ರೆಯೂ ಇದೆ, ಕೇಳಿ ಪಡೆಯಬೇಕು. ಈಗ ಎಚ್‌ಐವಿಯೊಂದಿಗೆ ಮುಪ್ಪಿನವರೆಗೆ ಬಾಳುತ್ತಾರಾದ್ದರಿಂದ ಬಿಪಿ, ಸಕ್ಕರೆ, ಹೃದಯದ ತಪಾಸಣೆಯೂ ಬೇಕು. ಹೆಂಗಸರು ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅವರಲ್ಲಿ ಆ ಅಪಾಯ ಹೆಚ್ಚು.

ಮನಸ್ಸಿನ ವಿಷಯ ಸೂಕ್ಷ್ಮ. ಖಿನ್ನತೆ ಇರುವವರು ಮಾತ್ರೆ ತಪ್ಪಿಸುವುದು ಹೆಚ್ಚು, ಮಾತ್ರೆ ತಪ್ಪಿದರೆ ವೈರಸ್ ಏರುತ್ತದೆ. ಬಚ್ಚಿಡುವುದೂ ಹಾಗೆಯೇ. ಮನೆಗೆ ನೆಂಟರು ಬಂದರೆಂದು ಡಬ್ಬಿ ತೆಗೆಯಲಾಗದೆ ಒಂದು ದಿನ ತಪ್ಪುತ್ತದೆ, ಮದುವೆ ಮನೆಗೆ ಹೋದಾಗ ಇನ್ನೆರಡು ದಿನ. ಆ ಹೆಣ್ಣುಮಗಳು ಮಾಡಿದಂತೆ ಲೇಬಲ್ ಕಿತ್ತರೆ ಔಷಧದ ಹೆಸರು, ಅವಧಿ ಮುಗಿಯುವ ದಿನ ಎರಡೂ ಹೋಯಿತು. ಕೆಲವರು ಮಾತ್ರೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದುಕೊಂಡು ಹೋಗುತ್ತಾರೆ. ತೇವ ತಾಗದಂತೆ ಇಟ್ಟ ಡಬ್ಬಿಯಿಂದ ತೆಗೆದಿಟ್ಟರೆ ಮಾತ್ರೆ ಕೆಡಬಹುದು. ನೆರೆಮನೆಯವರ ಕುತೂಹಲ ಹೀಗೆ ಔಷಧದೊಳಗೇ ಇಳಿಯುತ್ತದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಕೇರಿಯಲ್ಲಿ ಯಾರಾದರೂ ನಂಬಿ ಈ ವಿಷಯ ಹೇಳಿಕೊಂಡರೆ ‘ಹೇಗೆ ಬಂತು?’ ಎಂದು ಕೇಳಬೇಡಿ. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ? ಊಟ ಆಯ್ತಾ?’ ಎಂದು ಕೇಳಿ. ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಅನುಮಾನವಿದ್ದವರು ಸರ್ಕಾರಿ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಯಾವುದೇ ಪ್ರಶ್ನೆಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಆ ಡಬ್ಬಿಯಲ್ಲಿ ಹತ್ತಿ ತುರುಕುವ ಅಗತ್ಯ ಯಾರಿಗೂ ಬರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.