ಕರಪತ್ರದ ಅಂಕಿ ಯಾವ ವೇಗದ್ದು?

ಮಧ್ಯಮ ಗಾತ್ರದ ಸೆಡಾನ್ ಕೊಳ್ಳಲು ಹೊರಟವರ ಕೈಗೆ ಷೋರೂಮಿನವರು ಕೊಡುವ ಕರಪತ್ರದಲ್ಲಿ ಮೈಲೇಜ್, ಅಶ್ವಶಕ್ತಿ, ಸುರಕ್ಷತೆಯ ನಕ್ಷತ್ರಗಳು ದಪ್ಪಕ್ಷರದಲ್ಲಿ ಎದ್ದು ಕಾಣುತ್ತವೆ. ಆ ಅಂಕಿಗಳು ಸುಳ್ಳಲ್ಲ. ಆದರೆ ಪ್ರತಿಯೊಂದನ್ನೂ ನಿಗದಿತ ಸ್ಥಿತಿಯಲ್ಲಿ, ನಿಗದಿತ ವೇಗದಲ್ಲಿ ಅಳೆದಿರುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕುಟುಂಬವೊಂದು ಕಾರು ಕೊಂಡರೆ ದೂರದ ಓಡಾಟಕ್ಕೆ ಬಳ್ಳಾರಿ–ಚಳ್ಳಕೆರೆ ನಡುವಿನ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿಯಬೇಕು. ಬಯಲುಸೀಮೆಯ ಬಿಚ್ಚು ರಸ್ತೆಯಲ್ಲಿ ವೇಗದ ಮುಳ್ಳು ನೂರು ಮುಟ್ಟಲು ಹೆಚ್ಚು ಹೊತ್ತು ಬೇಡ. ಆ ವೇಗದಲ್ಲಿ ಕರಪತ್ರದ ಕಾರೇ ಬೇರೆ, ರಸ್ತೆಯ ಮೇಲಿನ ಕಾರೇ ಬೇರೆ.

ಮೊದಲು ಮೈಲೇಜ್ ನೋಡೋಣ. ನಮ್ಮ ದೇಶದಲ್ಲಿ ಇದನ್ನು ಅಳೆಯುತ್ತ ಬಂದಿರುವುದು ಪ್ರಯೋಗಾಲಯದಲ್ಲಿ, ಉರುಳುಗಳ ಮೇಲೆ ಕಾರಿನ ಚಕ್ರ ತಿರುಗಿಸಿ. ಈ ಪರೀಕ್ಷೆ ಸುಮಾರು 20 ನಿಮಿಷದ್ದು. ಅದರಲ್ಲಿ ಕಾರು ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ಎಸಿ ಬಂದ್ ಆಗಿರುತ್ತದೆ. ಓಡುವ ಕಾರನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು: ಟೈರಿನ ಉರುಳು ಘರ್ಷಣೆ ಮತ್ತು ಗಾಳಿಯ ತಡೆ. ಮೊದಲನೆಯದು ವೇಗದೊಂದಿಗೆ ಅಷ್ಟಾಗಿ ಬದಲಾಗದು. ಎರಡನೆಯದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 80ರಿಂದ 100ಕ್ಕೆ ಹೋದರೆ, ಅಂದರೆ ಕಾಲುಭಾಗ ಹೆಚ್ಚಿದರೆ, ಗಾಳಿಯ ತಡೆ ಶೇ. 56ರಷ್ಟು ಹೆಚ್ಚುತ್ತದೆ. ಎರಡೂ ತಡೆಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಎಂಜಿನ್ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಏರುತ್ತದೆ. ಇದರ ಮೇಲೆ ಏಪ್ರಿಲ್ ತಿಂಗಳ ಬಿಸಿಲು. ಚಳ್ಳಕೆರೆ ಸೀಮೆಯಲ್ಲಿ ಎಸಿ ಹಾಕದೆ ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಿಕೊಂಡು ಹೋಗುವುದು ಕಷ್ಟ. ಕಿಟಕಿ ಇಳಿಸಿದರೆ ಗಾಳಿಯ ತಡೆಯೇ ಮತ್ತಷ್ಟು ಏರುತ್ತದೆ. ಮೈಲೇಜ್ ಬರುತ್ತಿಲ್ಲವೆಂದು ಮೆಕ್ಯಾನಿಕ್ಕನ್ನು ದೂರುವ ಮುನ್ನ ಈ ಲೆಕ್ಕ ಮಾಡಿ ನೋಡುವುದು ನ್ಯಾಯ.

ಹಾಗಿದ್ದರೆ ಆ ಅಂಕಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಎಲ್ಲ ಕಾರುಗಳಿಗೂ ಪರೀಕ್ಷೆ ಒಂದೇ ಆಗಿರುವುದರಿಂದ ಎರಡು ಕಾರುಗಳನ್ನು ಹೋಲಿಸಲು ಅದು ಖಂಡಿತ ಉಪಯುಕ್ತ. ತಿಂಗಳ ಪೆಟ್ರೋಲ್ ಖರ್ಚು ಊಹಿಸಲು ಅಲ್ಲ. ಎಂಜಿನ್ನಿಗೆ ಶಕ್ತಿ ಹೆಚ್ಚಿದ್ದರೆ ವೇಗದ ಚಿಂತೆ ಯಾಕೆ ಎನ್ನುವವರೂ ಇದ್ದಾರೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬರುತ್ತಿದ್ದ ಕೊರೊಲ್ಲಾ ಆಲ್ಟಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 1.8 ಲೀಟರ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಶಕ್ತಿ ಸುಮಾರು 140 ಅಶ್ವಶಕ್ತಿ, ಅದೂ 6,400 ಆರ್‌ಪಿಎಂನಲ್ಲಿ. ಅಂಥ ಸೆಡಾನ್ ಸಮತಟ್ಟು ರಸ್ತೆಯಲ್ಲಿ 80ರ ಒಂದೇ ವೇಗದಲ್ಲಿ ಸಾಗಲು ಬೇಕಾಗುವುದು 10–15 ಅಶ್ವಶಕ್ತಿಯಷ್ಟೇ. ಉಳಿದದ್ದು ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಕಾರನ್ನು ನಿಲ್ಲಿಸುವುದು ಬ್ರೇಕು ಮತ್ತು ಟೈರು. ಅಲ್ಲಿ ಅಶ್ವಶಕ್ತಿಗೆ ಕೆಲಸವಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ನಿಲ್ಲಿಸುವ ಲೆಕ್ಕ. ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು ಎನ್ನಿ. ಆ ಸೀಮೆಯಲ್ಲಿ ಇದು ದಿನನಿತ್ಯದ ಮಾತು. 80ರಲ್ಲಿದ್ದ ಕಾರು ಬ್ರೇಕ್ ಹಾಕಿ ಪೂರ್ತಿ ನಿಲ್ಲುವ ಜಾಗದಲ್ಲಿ, ಅದೇ ಕ್ಷಣಕ್ಕೆ ಅದೇ ಬಲದಿಂದ ಬ್ರೇಕ್ ಹಾಕಿದ 100ರ ಕಾರು ಇನ್ನೂ 60ರಲ್ಲಿ ನುಗ್ಗುತ್ತಿರುತ್ತದೆ. ಚಲನಶಕ್ತಿಯೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗಾಗುತ್ತದೆ: ನೂರರ ವರ್ಗ 10,000, ಎಂಬತ್ತರದು 6,400, ಉಳಿಯುವ 3,600 ಎಂದರೆ ಅರವತ್ತರ ವರ್ಗ. ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವಷ್ಟರಲ್ಲಿ ಕಾರು ಕ್ರಮಿಸುವ ದೂರ ಸೇರಿಸಿದರೆ ಅಂತರ ಇನ್ನೂ ಹೆಚ್ಚು. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಸುರಕ್ಷತಾ ಪರೀಕ್ಷೆಯ ನಕ್ಷತ್ರಗಳನ್ನೂ ಹೀಗೆಯೇ ಓದಬೇಕು. ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು 64 ಕಿ.ಮೀ. ವೇಗದಲ್ಲಿ, ಒಳಗಿನ ಗೊಂಬೆಗಳಿಗೆ ಸೀಟ್ ಬೆಲ್ಟ್ ಕಟ್ಟಿ. ನೂರರ ವೇಗದಲ್ಲಿ ಕಾರಿನ ಚಲನಶಕ್ತಿ ಅದರ ಸುಮಾರು ಎರಡೂವರೆ ಪಟ್ಟು. ಐದು ನಕ್ಷತ್ರದ ಕಾರು ಒಂದು ನಕ್ಷತ್ರದ್ದಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತವರಿಗೆ ಆ ನಕ್ಷತ್ರಗಳು ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಯಾಕೆ, ಎತ್ತರದ ಎಸ್‌ಯುವಿಯನ್ನೇ ಕೊಳ್ಳಬಹುದಲ್ಲ, ಹಳ್ಳಿಯ ಹಂಪ್ಸಿಗೆ ಸೆಡಾನಿನ ಹೊಟ್ಟೆ ತಾಗುತ್ತದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಐದು ಜನ ಕೂತು ಡಿಕ್ಕಿಯಲ್ಲಿ ಮೂಟೆ ತುಂಬಿದರೆ ಕಾರು ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ಗ್ರೌಂಡ್ ಕ್ಲಿಯರೆನ್ಸ್ ಅಂಕಿ ಖಾಲಿ ಕಾರಿನದೋ ತುಂಬಿದ ಕಾರಿನದೋ ಎಂದು ಕೇಳಿ ತಿಳಿಯಬೇಕು. ಆದರೆ ಎತ್ತರದ ಗಾಡಿ ಗಾಳಿಗೆ ಒಡ್ಡುವ ಎದೆ ದೊಡ್ಡದು, ಅದರ ಭಾರ ಕೇಂದ್ರವೂ ಮೇಲೆ. ಹೆದ್ದಾರಿಯ ವೇಗದಲ್ಲಿ ಇಂಧನಕ್ಕೂ ತಿರುವಿನ ಸ್ಥಿರತೆಗೂ ಸೆಡಾನಿನ ತಗ್ಗೇ ಅನುಕೂಲ. ಇನ್ನು ಸಮಯದ ವಾದ: 50 ಕಿ.ಮೀ. ದಾರಿಯಲ್ಲಿ 80ರ ಬದಲು 100ರಲ್ಲಿ ಓಡಿಸಿದರೆ ಉಳಿಯುವುದು ಏಳೂವರೆ ನಿಮಿಷ.