ಬೆಳಕಿನ ಸಿಮ್ಯುಲೇಶನ್‌ಗೆ ಯಾವ ಸಾಫ್ಟ್‌ವೇರ್?

ಆಪ್ಟಿಕ್ಸ್ ಮೇಲೆ ಪ್ರಾಜೆಕ್ಟ್ ತಗೊಂಡವರು ಮೊದಲು ಕೇಳೋದು ಒಂದೇ: "ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳೋದು?" ಸೀನಿಯರ್ ಹೇಳಿದ್ದನ್ನೇ ಇನ್‌ಸ್ಟಾಲ್ ಮಾಡಿ ಎರಡು ತಿಂಗಳು ಗುದ್ದಾಡಿದ ಮೇಲೆ ಬಣ್ಣಬಣ್ಣದ ಚಿತ್ರವೇನೋ ಬರುತ್ತೆ. ವೈವಾದಲ್ಲಿ "ಇದು ಸರಿ ಅಂತ ಹೇಗೆ ಗೊತ್ತು?" ಅಂದರೆ ಮಾತು ನಿಲ್ಲುತ್ತೆ.

ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ನಿಮ್ಮ ವಸ್ತು ಬೆಳಕಿನ ತರಂಗಾಂತರಕ್ಕಿಂತ ಎಷ್ಟು ದೊಡ್ಡದು? ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ರಾಯಚೂರು ಜಿಲ್ಲೆಯ ಮೂರು ಊರುಗಳನ್ನೇ ಉದಾಹರಣೆಗೆ ತಗೊಳ್ಳೋಣ.

ಸಿಂಧನೂರು: ಕಾಲುವೆ ನೀರು

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ತಿಳಿನೀರಿದ್ದರೆ, ನೇರ ಮೇಲಿಂದ ನೋಡಿದಾಗ 2 ಮೀಟರ್ ಆಳ ಒಂದೂವರೆ ಮೀಟರ್‌ನಂತೆ ಕಾಣುತ್ತೆ. ನೀರಿನ ವಕ್ರೀಭವನಾಂಕ 1.33 ಇರೋದೇ ಕಾರಣ. ಈಜು ಬಾರದೆ ಇಳಿಯೋರಿಗೆ ಈ ಅರ್ಧ ಮೀಟರ್ ಜೀವದ ಪ್ರಶ್ನೆ. ಇಲ್ಲಿ ಅಳತೆಗಳು ತರಂಗಾಂತರಕ್ಕಿಂತ ಲಕ್ಷಗಟ್ಟಲೆ ಪಟ್ಟು ದೊಡ್ಡವು. ಹಾಗಾಗಿ ಬೆಳಕನ್ನು ಗೆರೆ ಅಂದ್ಕೊಂಡರೆ ಸಾಕು, ಬ್ರೌಸರ್‌ನಲ್ಲೇ ಓಡುವ ಉಚಿತ 'ರೇ ಆಪ್ಟಿಕ್ಸ್ ಸಿಮ್ಯುಲೇಶನ್' ಸಾಕು. ನೀರು ಕೆಂಪಾಗಿ ಮಣ್ಣು ಬೆರೆತಿದ್ದರೆ ಬೆಳಕು ಕಣಗಳಿಗೆ ಬಡಿದು ಚದುರುತ್ತೆ. ಅದಕ್ಕೆ ಮಾಂಟೆ ಕಾರ್ಲೋ ವಿಧಾನದ ಪ್ರೋಗ್ರಾಂ ಬೇಕು.

ಮಸ್ಕಿ: ಶಾಸನದ ಮುಂದಿನ ಗಾಜು

1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನದ ಮುಂದೆ ಒಂದು ಗಾಜು ಇಡಬೇಕು ಅಂದ್ಕೊಳ್ಳಿ. ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಪ್ರತಿಫಲಿಸುತ್ತೆ, ನೋಡೋರಿಗೆ ಅಕ್ಷರದ ಬದಲು ತಮ್ಮ ಮುಖವೇ ಕಾಣಬಹುದು. 100 ನ್ಯಾನೋಮೀಟರ್ ದಪ್ಪದ ಮೆಗ್ನೀಷಿಯಂ ಫ್ಲೋರೈಡ್ ಲೇಪ ಕೊಟ್ಟರೆ ಹಸಿರು ಬೆಳಕಿಗೆ ಇದು ಶೇ. 1.4ಕ್ಕೆ ಇಳಿಯುತ್ತೆ. ಲೇಪ ತರಂಗಾಂತರಕ್ಕಿಂತ ತೆಳು, ಹಾಗಾಗಿ ಬರೀ ಗೆರೆ ಎಳೆಯುವ ಸಾಫ್ಟ್‌ವೇರ್‌ಗೆ ಇದು ಗೊತ್ತಾಗಂಗಿಲ್ಲ. ಪೈಥಾನ್‌ನ ಉಚಿತ 'ಟಿಎಂಎಂ' ಪ್ಯಾಕೇಜ್ ಕ್ಷಣದಲ್ಲಿ ಲೆಕ್ಕ ಹಾಕುತ್ತೆ.

ಲಿಂಗಸುಗೂರು: ಹಟ್ಟಿಯ ಬೆಣಚುಕಲ್ಲು

ಹಟ್ಟಿಯಲ್ಲಿ ಚಿನ್ನ ಇರೋದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಬೆಳಕನ್ನು ಎರಡಾಗಿ ಒಡೆಯುತ್ತೆ: ಒಂದಕ್ಕೆ ವಕ್ರೀಭವನಾಂಕ 1.544, ಇನ್ನೊಂದಕ್ಕೆ 1.553. ಒಂದು ವಸ್ತುವಿಗೆ ಒಂದೇ ಅಂಕಿ ಕೇಳುವ ಸಾಫ್ಟ್‌ವೇರ್ ಇಲ್ಲಿ ತಪ್ಪುತ್ತೆ. ಭೂವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡುವ 30 ಮೈಕ್ರಾನ್ ಪದರದಲ್ಲಿ ಎರಡು ಅಲೆಗಳ ನಡುವೆ ಹೆಚ್ಚೆಂದರೆ 270 ನ್ಯಾನೋಮೀಟರ್ ಅಂತರ ಬೀಳುತ್ತೆ. ಜೋನ್ಸ್ ಮ್ಯಾಟ್ರಿಕ್ಸ್ ಬಳಸಿ ಆಕ್ಟೇವ್‌ನಲ್ಲಿ ಕೆಲವೇ ಸಾಲು ಕೋಡ್ ಬರೆದರೆ ಮುಗೀತು.

ಹಾಗಾದರೆ ಮೀಪ್, ಲ್ಯೂಮರಿಕಲ್ ಯಾವಾಗ?

ರಚನೆಯೇ ತರಂಗಾಂತರದ ಅಳತೆಯಲ್ಲಿದ್ದಾಗ. ಗ್ರೇಟಿಂಗ್, ಚಿಪ್ ಮೇಲಿನ ವೇವ್‌ಗೈಡ್ ಇಂಥವಕ್ಕೆ ಮ್ಯಾಕ್ಸ್‌ವೆಲ್ ಸಮೀಕರಣವನ್ನೇ ಬಿಡಿಸಬೇಕು. ಎಂಐಟಿಯಲ್ಲಿ ಹುಟ್ಟಿದ ಮೀಪ್ ಉಚಿತ, ಲ್ಯೂಮರಿಕಲ್‌ಗೆ ಲೈಸೆನ್ಸ್ ಬೇಕು. ಆದರೆ 1 ಮಿಲಿಮೀಟರ್ ಗಾಜಿನ ಘನವನ್ನು 25 ನ್ಯಾನೋಮೀಟರ್ ಕೋಶಗಳಾಗಿ ಕತ್ತರಿಸಿದರೆ 64 ಲಕ್ಷ ಕೋಟಿ ಕೋಶ ಆಗ್ತವೆ. ನಮ್ಮ ಲ್ಯಾಪ್‌ಟಾಪ್‌ಗೆ ಇದು ಆಗೋ ಮಾತಲ್ಲ.

ಯಾವುದನ್ನೇ ಆರಿಸಿ, ಮೊದಲು ಉತ್ತರ ಗೊತ್ತಿರೋ ಲೆಕ್ಕ ಕೊಟ್ಟು ನೋಡ್ರಿ. ಬರೀ ಗಾಜಿಗೆ ಶೇ. 4 ಪ್ರತಿಫಲನ ಬರುತ್ತಾ? ಕೋಶದ ಗಾತ್ರ ಅರ್ಧ ಮಾಡಿದರೂ ಉತ್ತರ ಅಲ್ಲೇ ನಿಲ್ಲುತ್ತಾ? ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹುಡುಕೋ ಹೊತ್ತಲ್ಲಿ ಈ ಎರಡು ಪರೀಕ್ಷೆ ಮುಗಿದಿರ್ತವೆ, ವೈವಾದ ಆ ಪ್ರಶ್ನೆಗೂ ಉತ್ತರ ಕೈಯಲ್ಲಿರುತ್ತೆ.