ಪರದೆಯ ಪಾಳಿ ಬದಲಾಗುವಾಗ

ಹೋಟೆಲಿನ ಗಲ್ಲೆಯ ಮೇಲಿರಲಿ, ಕಚೇರಿಯ ಮೇಜಿನ ಮೇಲಿರಲಿ, ಗಣಕಯಂತ್ರದ ಗುಂಡಿಯನ್ನು ಒತ್ತದೆ ಕೆಲಸ ಆರಂಭವಾಗುವ ದಿನವೇ ಈಗ ನಮ್ಮವರಿಗಿಲ್ಲ. ಹಳೆಯ ಯಂತ್ರವಾದರೆ ಗುಂಡಿಯೊತ್ತಿದ ಮೇಲೆ ಮೊದಲು ತಯಾರಕರ ಲಾಂಛನವು ಮೂಡುವುದು. ಬಳಿಕ ಪರದೆಯು ಕಪ್ಪಾಗುವುದು. ಬಿಳಿಯ ಅಕ್ಷರಗಳ ಹತ್ತಾರು ಸಾಲುಗಳು ಸರ್ರನೆ ಹರಿದುಹೋಗುವುವು. ಮತ್ತೊಮ್ಮೆ ಕತ್ತಲೆ ಕವಿಯುವುದು. ಕಟ್ಟಕಡೆಗೆ ಹೆಸರನ್ನೂ ಗುಪ್ತಪದವನ್ನೂ ಕೇಳುವ ಚಿತ್ರವು ಕಾಣಿಸಿಕೊಳ್ಳುವುದು. ಇತ್ತೀಚಿನ ಯಂತ್ರಗಳಲ್ಲಿ ಈ ಕಣ್ಣುಮುಚ್ಚಾಲೆ ಬಹುಮಟ್ಟಿಗೆ ನಿಂತುಹೋಗಿದೆ. ಲಾಂಛನವು ಅಲುಗದೆ ನಿಂತಿರುವಂತೆಯೇ ಅದರ ಕೆಳಗೆ ಒಂದು ಚಿಕ್ಕ ಚಕ್ರವು ತಿರುಗುತ್ತದೆ. ಅದು ಕರಗುತ್ತಿದ್ದಂತೆ ಕೆಲಸದ ಪರದೆಯು ಎದುರಿಗೆ ಬರುತ್ತದೆ.

ಇದು ತಾನಾಗಿ ಆದ ಬದಲಾವಣೆಯಲ್ಲ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಇಷ್ಟನ್ನು ಸಾಧಿಸಲು ಹಲವು ದೇಶಗಳ ತಂತ್ರಜ್ಞರಿಗೆ ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಅವರ ಕೆಲಸದ ತಿರುಳೇನೆಂಬುದು ಕೊಯಾಲಿಯ ನಮ್ಮ ಬಂಧುಗಳಿಗೆ ಸುಲಭವಾಗಿ ತಿಳಿಯತಕ್ಕದ್ದು. ಏಕೆಂದರೆ ಅದು ಪಾಳಿ ಬದಲಾಯಿಸುವ ವಿಚಾರವಾಗಿದೆ.

ಕುಲುಕಿಲ್ಲದ ಹಸ್ತಾಂತರ

ವಡೋದರಾ ನಗರದ ಬಳಿ ಕೊಯಾಲಿಯಲ್ಲಿ ಸೋವಿಯತ್ ಒಕ್ಕೂಟದ ನೆರವಿನಿಂದ ಕಟ್ಟಿದ ತೈಲ ಶುದ್ಧೀಕರಣಾಲಯಕ್ಕೆ ೧೯೬೩ರ ಮೇ ತಿಂಗಳಲ್ಲಿ ಪಂಡಿತ ನೆಹರೂ ಅವರು ಅಸ್ತಿಭಾರವನ್ನಿಟ್ಟರು. ೧೯೬೫ರ ಅಕ್ಟೋಬರದಲ್ಲಿ ಅದು ಕೆಲಸ ಆರಂಭಿಸಿತು. ಮರುವರ್ಷ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಇಂತಹ ಸ್ಥಾವರದಲ್ಲಿ ಹಗಲಿರುಳೆನ್ನದೆ ಕುಲುಮೆ ಉರಿಯುತ್ತಿರಬೇಕು. ಪಾಳಿ ಮುಗಿಯಿತೆಂದು ಯಾರೂ ಕವಾಟವನ್ನು ಮುಚ್ಚಿ ಮನೆಗೆ ಹೋಗುವಂತಿಲ್ಲ. ಹೋಗುವವನು ದಿನಚರಿ ಪುಸ್ತಕದಲ್ಲಿ ಸ್ಥಿತಿಗತಿಯನ್ನು ಬರೆದು, ಬರುವವನಿಗೆ ಬಾಯಿಯಿಂದಲೂ ಹೇಳಿ, ಅವನು ಒಪ್ಪಿಕೊಂಡ ಮೇಲೆಯೇ ಕುರ್ಚಿಯನ್ನು ಬಿಡತಕ್ಕದ್ದು.

ಮನುಷ್ಯರಿಗಿರುವ ಈ ನಿಯಮವೇ ಉಪಕರಣಗಳಿಗೂ ಉಂಟು. ಕುಲುಮೆಗೆ ಇಂಧನವನ್ನು ಬಿಡುವ ಒಂದು ಕವಾಟವನ್ನು ಕೆಲಸಗಾರನು ಕೈಯಿಂದ ನೂರಕ್ಕೆ ನಲವತ್ತರಷ್ಟು ತೆರೆದಿಟ್ಟಿದ್ದಾನೆಂದು ಭಾವಿಸೋಣ. ಈಗ ಅದನ್ನು ಸ್ವಯಂಚಾಲಿತ ನಿಯಂತ್ರಕಕ್ಕೆ ಒಪ್ಪಿಸಬೇಕು. ಆ ನಿಯಂತ್ರಕವು ಇರುವ ಸ್ಥಿತಿಯನ್ನು ನೋಡದೆ, ಎಪ್ಪತ್ತರಷ್ಟು ತೆರೆದಿರಬೇಕೆಂದು ಕೊಂಡೇ ಕೆಲಸಕ್ಕೆ ತೊಡಗಿದರೆ ಕವಾಟವು ಒಮ್ಮೆಲೇ ಎಗರುವುದು, ಉರಿ ಏರುವುದು, ಇಡೀ ಘಟಕವೇ ಕುಲುಕುವುದು. ಗಾಳಿಯ ಒತ್ತಡದಿಂದ ನಡೆಯುತ್ತಿದ್ದ ಹಿಂದಿನ ನಿಯಂತ್ರಕಗಳಲ್ಲಿ ಎರಡು ಕಡೆಯ ಒತ್ತಡಗಳನ್ನೂ ಸಮ ಮಾಡಿಕೊಂಡ ಮೇಲೆಯೇ ಸನ್ನೆಯನ್ನು ತಿರುಗಿಸಬೇಕಾಗಿತ್ತು. ಇಂದಿನ ನಿಯಂತ್ರಕಗಳು ಕವಾಟದ ಸ್ಥಿತಿಯನ್ನು ತಾವೇ ಓದಿಕೊಂಡು ಅಲ್ಲಿಂದಲೇ ಕೆಲಸವನ್ನು ಮುಂದುವರಿಸುತ್ತವೆ. ಇದನ್ನು ಯಂತ್ರಜ್ಞರು ‘ಬಂಪ್‌ಲೆಸ್ ಟ್ರಾನ್ಸ್‌ಫರ್’ ಎನ್ನುವರು. ಕುಲುಕಿಲ್ಲದ ಹಸ್ತಾಂತರವೆಂದು ನಾವು ಹೇಳಬಹುದು. ಬರುವವನು ಮೊದಲು ನೋಡಬೇಕು, ಆಮೇಲೆ ಕೈಹಾಕಬೇಕು ಎಂಬುದೇ ಇದರ ಸಾರ. ಗಣಕಯಂತ್ರದ ಪರದೆಯ ವಿಷಯದಲ್ಲಿಯೂ ಬೇಕಾಗಿದ್ದುದು ಇಷ್ಟೇ.

ಪರದೆಯನ್ನು ಹಿಡಿಯುವ ಮೂರು ಕೈಗಳು

ಪರದೆಯ ಮೇಲಿನ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿ. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦, ಅಂತೂ ೨೦,೭೩,೬೦೦ ಚುಕ್ಕೆಗಳಿರುತ್ತವೆ. ಪ್ರತಿಯೊಂದು ಚುಕ್ಕೆಯ ಬಣ್ಣವೂ ಅಂಕೆಗಳ ರೂಪದಲ್ಲಿ ಯಂತ್ರದ ಸ್ಮರಣೆಯ ಒಂದು ಭಾಗದಲ್ಲಿ ಬರೆಯಲ್ಪಟ್ಟಿರುತ್ತದೆ. ಚಿತ್ರದ ಯಂತ್ರಾಂಗವು ಆ ಭಾಗವನ್ನು ಸೆಕೆಂಡಿಗೆ ಸುಮಾರು ಅರುವತ್ತು ಸಾರಿ ಓದಿ ಪರದೆಗೆ ಕಳುಹಿಸುತ್ತದೆ. ಚುಕ್ಕೆಗಳೆಷ್ಟು, ಯಾವ ವೇಗದಲ್ಲಿ ಕಳುಹಿಸಬೇಕು ಎಂಬ ಏರ್ಪಾಟನ್ನು ಬದಲಾಯಿಸಿದಾಗಲೆಲ್ಲ ಪರದೆಯು ಹೊಸ ಗತಿಗೆ ಹೊಂದಿಕೊಳ್ಳಬೇಕಾಗುತ್ತದೆ. ಆ ಒಂದೆರಡು ಸೆಕೆಂಡುಗಳೇ ನಾವು ಕಾಣುವ ಕತ್ತಲೆ.

ಗುಂಡಿಯೊತ್ತಿದ ಕೂಡಲೇ ಏಳುವವನು ಫರ್ಮ್‌ವೇರ್. ಅವನು ಬೆಳಗಿನ ಜಾವ ಬಾಗಿಲು ತೆರೆದು ಒಲೆ ಹಚ್ಚುವ ಆಳಿನಂತೆ. ಪರದೆಯನ್ನು ಒಂದು ಸರಳ ಸ್ಥಿತಿಯಲ್ಲಿ ಬೆಳಗಿಸಿ, ತಯಾರಕರ ಲಾಂಛನವನ್ನು ಬರೆದು, ಕಾರ್ಯವ್ಯವಸ್ಥೆಯ ಹೃದಯವಾದ ಕರ್ನೆಲನ್ನು ಎಬ್ಬಿಸುವ ಕೆಲಸ ಅವನದು. ಕೊನೆಗೆ ಬರುವವನು ಆ ಚಿತ್ರಾಂಗಕ್ಕೆಂದೇ ಬರೆದ ಡ್ರೈವರ್. ಅದರ ಒಳಗುಟ್ಟೆಲ್ಲವನ್ನೂ ಬಲ್ಲವನು. ಆದರೆ ಅವನ ಸಾಮಾನು ಸರಂಜಾಮು ದೊಡ್ಡದು. ಅನೇಕ ವೇಳೆ ಡಿಸ್ಕಿನಿಂದ ತರಿಸಿಕೊಳ್ಳಬೇಕಾದುದರಿಂದ ಬರುವುದಕ್ಕೆ ತಡವಾಗುತ್ತದೆ. ಇವರಿಬ್ಬರ ನಡುವಣ ಹೊತ್ತಿನಲ್ಲಿ ಒಬ್ಬ ಬದಲಿ ಬೇಕು. ಫರ್ಮ್‌ವೇರ್ ಬಿಟ್ಟುಹೋದ ಚುಕ್ಕೆಗಳ ಜಾಗವೆಲ್ಲಿದೆಯೆಂದಷ್ಟೇ ತಿಳಿದು, ಏರ್ಪಾಟನ್ನು ಮುಟ್ಟದೆ ಅಲ್ಲಿಯೇ ಬರೆಯುವ ಸರಳ ಡ್ರೈವರೇ ಆ ಬದಲಿ. ಹಿಂದೆ ವೆಸಾಎಫ್‌ಬಿ, ಇಎಫ್ಐಎಫ್‌ಬಿ ಎಂಬ ಹೆಸರಿನವು ಈ ಕೆಲಸವನ್ನು ಮಾಡುತ್ತಿದ್ದವು.

ಹಂತಹಂತವಾಗಿ ನೀಗಿದ ಕತ್ತಲೆ

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಲಿನಕ್ಸ್ ಕರ್ನೆಲನ್ನು ಬರೆಯತೊಡಗಿದಾಗ ಪರದೆಯೆಂದರೆ ಎಂಬತ್ತು ಅಕ್ಷರಗಳ ಇಪ್ಪತ್ತೈದು ಸಾಲುಗಳಾಗಿತ್ತು. ಮುಂದೆ ಚಿತ್ರಗಳ ಕಾಲ ಬಂದಿತು. ಅಕ್ಷರಗಳ ಪರದೆಯನ್ನು ಕರ್ನೆಲ್ ನೋಡಿಕೊಳ್ಳುತ್ತಿತ್ತು. ಚಿತ್ರಗಳ ಪರದೆಯನ್ನು ‘ಎಕ್ಸ್’ ಎಂಬ ಬೇರೊಂದು ಕಾರ್ಯಕ್ರಮವು ನೋಡಿಕೊಳ್ಳುತ್ತಿತ್ತು. ಇಬ್ಬರೂ ಒಂದೇ ಯಂತ್ರಾಂಗವನ್ನು ತಮತಮಗೆ ಬೇಕಾದಂತೆ ತಿರುಗಿಸುತ್ತಿದ್ದರು. ಒಂದು ಒಲೆಗೆ ಇಬ್ಬರು ಭಟ್ಟರು ನಿಂತರೆ ಏನಾಗುವುದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಪರದೆಯ ಏರ್ಪಾಟು ಕರ್ನೆಲಿನ ಕೈಯಲ್ಲಿಯೇ ಇರಬೇಕೆಂಬ ಪದ್ಧತಿಯು ೨೦೦೯ರ ಮಾರ್ಚಿಯಲ್ಲಿ ಹೊರಬಂದ ೨.೬.೨೯ನೆಯ ಆವೃತ್ತಿಯಲ್ಲಿ ಇಂಟೆಲ್ ಚಿತ್ರಾಂಗಗಳಿಗೆ ಜಾರಿಗೆ ಬಂದಿತು. ಅದಕ್ಕೆ ಸ್ವಲ್ಪ ಮೊದಲು, ೨೦೦೮ರ ಫೆಡೋರಾ ೧೦ರಲ್ಲಿ, ಆರಂಭದ ಹೊತ್ತಿನಲ್ಲಿ ಅಂದವಾದ ಚಿತ್ರವನ್ನು ತೋರಿಸುವ ‘ಪ್ಲಿಮತ್’ ಎಂಬ ಕಾರ್ಯಕ್ರಮವು ಬಳಕೆಗೆ ಬಂದಿತ್ತು. ಕತ್ತಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಫರ್ಮ್‌ವೇರ್ ಬೆಳಗಿಸಿದ್ದ ಪರದೆಯನ್ನು ಹೊಸ ಡ್ರೈವರ್ ಬಂದೊಡನೆ ಆರಿಸಿ, ತನ್ನ ರೀತಿಯಲ್ಲಿ ಮತ್ತೆ ಹಚ್ಚುತ್ತಿತ್ತು.

ಇದರ ಪರಿಹಾರಕ್ಕೆ ಮೂರು ಕೆಲಸಗಳು ಬೇಕಾದವು. ಮೊದಲನೆಯದಾಗಿ, ಕರ್ನೆಲ್ ಬಂದೊಡನೆ ಪರದೆಯನ್ನು ಒರೆಸಿಬಿಡುವ ಅಭ್ಯಾಸವು ನಿಲ್ಲಬೇಕಾಗಿತ್ತು. ಬರೆಯಬೇಕಾದ ಮಾತಿದ್ದರೆ ಮಾತ್ರ ಒರೆಸುವ ಸೌಕರ್ಯವು ೨೦೧೮ರ ೪.೧೯ನೆಯ ಆವೃತ್ತಿಯಲ್ಲಿ ಬಂದಿತು. ಎರಡನೆಯದಾಗಿ, ಹೊಸ ಡ್ರೈವರು ಇರುವ ಸ್ಥಿತಿಯನ್ನು ಓದಿಕೊಂಡು ಅಲ್ಲಿಂದಲೇ ಮುಂದುವರಿಯಬೇಕಾಗಿತ್ತು. ಕೊಯಾಲಿಯ ಕವಾಟದ ನಿಯಮವೇ ಇದು. ಇಂಟೆಲ್ ಡ್ರೈವರಿನಲ್ಲಿ ಹಿಂದಿನಿಂದಲೂ ಐಚ್ಛಿಕವಾಗಿದ್ದ ಈ ಗುಣವು ೨೦೧೯ರ ೫.೧ನೆಯ ಆವೃತ್ತಿಯಿಂದ ಸ್ಕೈಲೇಕ್ ಮತ್ತು ಅನಂತರದ ಯಂತ್ರಗಳಿಗೆ ಸಹಜವಾಯಿತು. ಮೂರನೆಯದಾಗಿ, ಲಾಂಛನವು ಯಾವುದು, ಪರದೆಯ ಯಾವ ಸ್ಥಾನದಲ್ಲಿದೆ ಎಂಬುದು ಮುಂದಿನವನಿಗೆ ತಿಳಿಯಬೇಕಾಗಿತ್ತು. ಫರ್ಮ್‌ವೇರ್ ಬಿಟ್ಟುಹೋಗುವ ‘ಬಿ.ಜಿ.ಆರ್.ಟಿ.’ ಎಂಬ ಚಿಕ್ಕ ಪಟ್ಟಿಯಲ್ಲಿ ಈ ವಿವರವೆಲ್ಲವೂ ಇರುತ್ತದೆ. ಮೈಕ್ರೋಸಾಫ್ಟಿನ ವಿಂಡೋಸ್ ೮ ಇದನ್ನು ೨೦೧೨ರಲ್ಲಿಯೇ ಬಳಸಿಕೊಂಡಿತ್ತು. ಲಿನಕ್ಸಿನಲ್ಲಿ ಈ ಎಳೆಗಳನ್ನೆಲ್ಲ ಕೂಡಿಸಿ ೨೦೧೯ರ ಫೆಡೋರಾ ೩೦ರಲ್ಲಿ ಮಿಣುಕಿಲ್ಲದ ಆರಂಭವನ್ನು ಸಾಧಿಸಿದ ಶ್ರೇಯಸ್ಸು ಮುಖ್ಯವಾಗಿ ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದ ಹಾನ್ಸ್ ಡಿ ಗೂಡೆ ಅವರದು.

ಬದಲಿಯವನ ಬೆಲೆ

ನಡುವಣ ಬದಲಿ ಡ್ರೈವರಿನ ಕಥೆ ಇನ್ನೂ ಉಳಿದಿತ್ತು. ಹಳೆಯ ಬದಲಿಗಳು ‘ಎಫ್‌ಬಿಡೆವ್’ ಎಂಬ ಹಿಂದಿನ ಪಂಗಡಕ್ಕೆ ಸೇರಿದವು. ಈಗಿನ ಚಿತ್ರ ಕಾರ್ಯಕ್ರಮಗಳೆಲ್ಲ ‘ಡಿ.ಆರ್.ಎಂ.’ ಎಂಬ ಹೊಸ ಪಂಗಡದ ಭಾಷೆಯನ್ನಾಡುತ್ತವೆ. ಆದುದರಿಂದ ಪ್ರತಿಯೊಬ್ಬರೂ ಎರಡು ಭಾಷೆಗಳನ್ನು ಕಲಿತಿರಬೇಕಾಗಿತ್ತು. ಡೇವಿಡ್ ಹೆರ್ಮನ್ ಅವರ ಹಿಂದಿನ ಪ್ರಯತ್ನವನ್ನು ಆಧಾರವಾಗಿಟ್ಟುಕೊಂಡು ಸೂಸೆ ಸಂಸ್ಥೆಯ ಥಾಮಸ್ ಝಿಮ್ಮರ್ಮನ್ ಅವರು ಹೊಸ ಭಾಷೆಯನ್ನೇ ಆಡುವ ‘ಸಿಂಪಲ್‌ಡಿಆರ್‌ಎಂ’ ಎಂಬ ಬದಲಿಯನ್ನು ಸಿದ್ಧಪಡಿಸಿದರು. ಅದು ೨೦೨೧ರ ಆಗಸ್ಟಿನಲ್ಲಿ ಹೊರಬಂದ ೫.೧೪ನೆಯ ಆವೃತ್ತಿಯಲ್ಲಿ ಸೇರಿತು. ೨೦೨೨ರ ಫೆಡೋರಾ ೩೬ರಲ್ಲಿ ಸಾಮಾನ್ಯ ಬಳಕೆಗೆ ಬಂದಿತು.

ಈ ಬದಲಿಯು ತಾನು ಹಿಡಿದಿರುವ ಸ್ಮರಣೆಯ ಜಾಗವನ್ನು ಕರ್ನೆಲಿನ ಲೆಕ್ಕದಲ್ಲಿ ಬರೆಸಿರುತ್ತದೆ. ನಿಜವಾದ ಡ್ರೈವರು ಬಂದು ಅದೇ ಜಾಗವನ್ನು ಕೇಳಿದೊಡನೆ ಕರ್ನೆಲ್ ಬದಲಿಯನ್ನು ಬಿಡಿಸಿ ದಾರಿ ಮಾಡಿಕೊಡುತ್ತದೆ. ಒಂದೇ ಜಾಗಕ್ಕೆ ಇಬ್ಬರು ಕೈಹಾಕುವ ಪ್ರಸಂಗವಿಲ್ಲ. ನಿಜವಾದ ಡ್ರೈವರು ಬಾರದೇ ಹೋದರೂ ಕೆಲಸ ನಿಲ್ಲುವುದಿಲ್ಲ. ಚಿತ್ರವು ನಿಧಾನವಾಗಿ ಚಲಿಸಬಹುದು. ಬೆಳಕನ್ನು ಹೆಚ್ಚು ಕಡಿಮೆ ಮಾಡಲಾಗದಿರಬಹುದು. ಆದರೆ ಪರದೆ ಕಾಣುತ್ತದೆ, ಬಿಲ್ಲು ಬರೆಯಬಹುದು, ಪತ್ರ ಬೆರಳಚ್ಚಿಸಬಹುದು. ಹಬ್ಬದ ದಿನ ಊರಿಗೆ ಹೋದ ಭಟ್ಟರ ಜಾಗದಲ್ಲಿ ನಿಂತು ಇಡ್ಲಿ ಸಾಂಬಾರನ್ನಾದರೂ ನಡೆಸಿಕೊಡುವ ಹುಡುಗನ ಬೆಲೆ ಹೋಟೆಲು ನಡೆಸಿದವರಿಗೆ ಗೊತ್ತು.

ಅಂದದ ಹಿಂದೆ ಅಡಗುವ ಮಾತು

ಇಷ್ಟೆಲ್ಲ ಶ್ರಮವು ಕೇವಲ ಅಂದಕ್ಕಾಗಿಯೇ ಎಂದು ಕೇಳುವವರುಂಟು. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಕಂಡುದನ್ನು ಇಲ್ಲಿ ಹೇಳಬಹುದು. ಗಲ್ಲೆಯಲ್ಲಿ ಕುಳಿತಿದ್ದ ಹುಡುಗನು ಪರದೆ ಕಪ್ಪಾದೊಡನೆ ಯಂತ್ರವೇ ಕೆಟ್ಟಿತೆಂದು ಬಗೆದು ಗುಂಡಿಯನ್ನು ಬಲವಾಗಿ ಒತ್ತಿಹಿಡಿದ. ಒಳಗೆ ಲೆಕ್ಕದ ಕಡತವು ತೆರೆದುಕೊಳ್ಳುತ್ತಿದ್ದ ಹೊತ್ತು ಅದು. ಆ ಕಡತವು ಕೆಟ್ಟುಹೋಗಿ, ಸಂಜೆಯವರೆಗೆ ಚೀಟಿಗಳನ್ನು ಗುಡ್ಡೆ ಹಾಕಿಕೊಂಡು ಮೊತ್ತ ಕೂಡಿಸಬೇಕಾಯಿತು. ಅವನನ್ನು ಬೈದು ಪ್ರಯೋಜನವೇನು? ಕಪ್ಪು ಪರದೆಯು ಅವನಿಗೆ ಏನನ್ನೂ ಹೇಳಿರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಿಳಿಯ ಅಕ್ಷರಗಳ ಸಾಲುಗಳನ್ನು ಅಡಗಿಸಿದುದರಿಂದ ರೋಗದ ಲಕ್ಷಣವೂ ಅಡಗಿತು. ಡಿಸ್ಕು ಹಾಳಾಗಿದ್ದರೂ ಚಕ್ರವು ಸುಮ್ಮನೆ ತಿರುಗುತ್ತಲೇ ಇರಬಹುದು. ಲಿನಕ್ಸಿನಲ್ಲಿ ಪ್ಲಿಮತ್ ಚಿತ್ರ ಕಾಣುವಾಗ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಸಾಮಾನ್ಯವಾಗಿ ಅಡಗಿದ ಸಾಲುಗಳು ಕಾಣಿಸಿಕೊಳ್ಳುತ್ತವೆ. ಇದನ್ನು ಎಲ್ಲರೂ ತಿಳಿದಿರಬೇಕು. ಕರ್ನೆಲ್ ತಾನೇ ಕುಸಿದುಬಿದ್ದರೆ ಚಿತ್ರದ ಪರದೆಯು ಮೊದಲು ಕಲ್ಲಿನಂತೆ ನಿಂತುಬಿಡುತ್ತಿತ್ತು. ೨೦೨೪ರ ೬.೧೦ನೆಯ ಆವೃತ್ತಿಯಿಂದ ಆ ಸಂಕಟದ ಕ್ಷಣದಲ್ಲಿಯೂ ಪರದೆಯ ಮೇಲೆ ಸಂದೇಶವನ್ನು ಬರೆಯುವ ವ್ಯವಸ್ಥೆಯಿದೆ. ಮೊದಲಿಗೆ ಅದನ್ನು ಅಳವಡಿಸಿಕೊಂಡ ಕೆಲವೇ ಡ್ರೈವರುಗಳಲ್ಲಿ ನಮ್ಮ ಬದಲಿಯವನೂ ಒಬ್ಬ. ಅದೇ ವರ್ಷದ ೬.೧೨ನೆಯ ಆವೃತ್ತಿಯಲ್ಲಿ ದೋಷದ ವಿವರವನ್ನು ಕ್ಯೂಆರ್ ಚಿತ್ರವಾಗಿ ತೋರಿಸುವ ಸೌಕರ್ಯವೂ ಸೇರಿತು. ಚಹದ ಹಣವನ್ನು ಪಡೆಯಲು ನಾವು ಗಲ್ಲೆಯ ಮುಂದೆ ಅಂಟಿಸಿರುವ ಚೌಕದಂತಹದೇ ಅದು. ಫೋನಿನಲ್ಲಿ ಹಿಡಿದು ಬಲ್ಲವರಿಗೆ ಕಳುಹಿಸಬಹುದು.

ಕನ್ನಡದ ಸರದಿ

ಆ ಮೊದಲ ಕ್ಷಣಗಳಲ್ಲಿ ಪರದೆಯು ಆಡುವ ಮಾತು ಮಾತ್ರ ಇಂಗ್ಲಿಷೇ. ಕರ್ನೆಲಿನ ಅಕ್ಷರಪರದೆಯು ಸಮಾನ ಗಾತ್ರದ ಚೌಕಗಳಲ್ಲಿ ಒಂದೊಂದು ಅಕ್ಷರವನ್ನಿಡುವ ಪದ್ಧತಿಯದು. ಅದರ ಅಕ್ಷರಪೆಟ್ಟಿಗೆಯಲ್ಲಿ ಬಹಳ ಕಾಲ ೫೧೨ ರೂಪಗಳಿಗೆ ಮಾತ್ರ ಜಾಗವಿತ್ತು. ನಮ್ಮ ಲಿಪಿಯ ರೀತಿಯೇ ಬೇರೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಯೂನಿಕೋಡಿನಲ್ಲಿ ಆರು ಸಂಕೇತಗಳು ಬೇಕು. ಅವನ್ನು ಒತ್ತು, ದೀರ್ಘಗಳೊಡನೆ ಸರಿಯಾಗಿ ಜೋಡಿಸುವ ‘ಹಾರ್ಫ್‌ಬಜ್’ನಂತಹ ಜೋಡಣೆಗಾರನು ಕರ್ನೆಲಿನೊಳಗಿಲ್ಲ. ಆದುದರಿಂದ ಮೊದಲ ಪಾಳಿಯಲ್ಲಿ ಕನ್ನಡಕ್ಕೆ ಪ್ರವೇಶವಿಲ್ಲ. ಜೋಡಣೆಗಾರನೂ ಕನ್ನಡದ ಅಕ್ಷರರೂಪಗಳೂ ಬಂದು ಸೇರಿದ ಮೇಲೆಯೇ ಅದರ ಸರದಿ.

ಲಿನಕ್ಸಿನ ಮೇಲೆ ಕನ್ನಡವು ಹೊಸತೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಂತ್ರವು ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಓದುಬರಹ ಬಾರದವರಿಗೂ ನಮ್ಮ ಭಾಷೆಗಳಲ್ಲಿ ಉಪಯೋಗಕ್ಕೆ ಬರಬೇಕೆಂಬುದು ಅದರ ಉದ್ದೇಶವಾಗಿತ್ತು. ಇಂದಿನ ಲಿನಕ್ಸ್ ಪರದೆಗಳಲ್ಲಿ ಕನ್ನಡದ ಪಟ್ಟಿಗಳೂ ಸೂಚನೆಗಳೂ ಕಾಣುವುದಕ್ಕೆ ಅನುವಾದಕರು ಪಟ್ಟ ಶ್ರಮವೇ ಕಾರಣ.

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ನೆರವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡುದರಿಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮಾತು ಅನೇಕ ಅಂಗಡಿ ಕಚೇರಿಗಳಲ್ಲಿ ಕೇಳಿಬರುತ್ತಿದೆ. ಹಾಗೆ ಮಾಡುವ ಮೊದಲು ಬಲ್ಲವರಿಂದ ಅದರಲ್ಲಿ ಲಿನಕ್ಸನ್ನು ಹಾಕಿಸಿ ನೋಡಬಹುದು. ತಮ್ಮ ಬಿಲ್ಲಿನ ಕಾರ್ಯಕ್ರಮವು ಅದರಲ್ಲಿ ನಡೆಯುವುದೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಅವಶ್ಯ. ಯಂತ್ರ ಯಾವುದೇ ಇರಲಿ, ಪರದೆ ಕಪ್ಪಾದೊಡನೆ ಗುಂಡಿಗೆ ಕೈಹಾಕದೆ ಒಂದೆರಡು ನಿಮಿಷ ಕಾಯಿರಿ. ಅಕ್ಷರಗಳು ಕಂಡರೆ ಅರ್ಥವಾಗದಿದ್ದರೂ ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಸರಿಪಡಿಸುವವನಿಗೆ ಅದನ್ನೇ ತೋರಿಸಿರಿ. ಇಂಗ್ಲಿಷ್ ಬಲ್ಲ ನಮ್ಮ ಗುಮಾಸ್ತ ಬಂಧುಗಳು ಸಂಜೆಯ ಬಿಡುವಿನಲ್ಲಿ ಇಂತಹ ನಾಲ್ಕಾರು ಸಂದೇಶಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗಲ್ಲೆಯ ಬಳಿ ಅಂಟಿಸಿಕೊಟ್ಟರೆ ಬೆಳಗಿನ ಪಾಳಿಯ ಹುಡುಗರಿಗೆ ದೊಡ್ಡ ಉಪಕಾರವಾದೀತು.